ಹಳೇ ಸಿಲ್ವರಾಡೊಗೆ ಬೇರೆ ವರ್ಷದ ಇಂಜಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿರುವ ನಮ್ಮವರಲ್ಲಿ ಪಿಕಪ್ ಇಟ್ಟುಕೊಂಡವರು ಈಗ ಸಾಕಷ್ಟು ಜನ ಇದ್ದಾರೆ. ಅದರಲ್ಲೂ 1999ರಿಂದ 2013ರ ನಡುವಿನ ಶೆವರ್ಲೆ ಸಿಲ್ವರಾಡೊ ಮತ್ತು ಜಿಎಂಸಿ ಸಿಯೆರಾ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತವೆ, ಗಟ್ಟಿಯಾಗಿಯೂ ಇವೆ. ಬಾಡಿ ಚೆನ್ನಾಗಿದೆ, ಗೇರ್‌ಬಾಕ್ಸ್ ಚೆನ್ನಾಗಿದೆ, ಇಂಜಿನ್ ಮಾತ್ರ ಬೋರಿಗೆ ಬಂದಿದೆ ಅನ್ನುವ ಸ್ಥಿತಿಗೆ ಈ ಗಾಡಿಗಳು ಬಂದಿವೆ. ಆಗ ಗುಜರಿಯಿಂದ ಇನ್ನೊಂದು ವರ್ಷದ ಇಂಜಿನ್ ತಂದು ಕೂರಿಸುವ ಯೋಚನೆ ಬರುತ್ತದೆ. ಇದು ಒಳ್ಳೆಯ ಯೋಚನೆಯೇ. ಆದರೆ ಈ ಇಂಜಿನ್‌ಗಳ ಕಬ್ಬಿಣ ಹೆಚ್ಚು ಕಡಿಮೆ ಒಂದೇ, ಸೆನ್ಸರ್‌ಗಳು ಒಂದೇ ಅಲ್ಲ. ಬೋಲ್ಟ್ ಹೊಂದಿತು ಅಂದ ಮಾತ್ರಕ್ಕೆ ಗಾಡಿ ಓಡುತ್ತದೆ ಅಂತ ಅಲ್ಲ. ನಿಮ್ಮ ಗಾಡಿಯ ಕಂಪ್ಯೂಟರ್ ಏನನ್ನು ಓದಬಲ್ಲದು ಅನ್ನುವುದನ್ನು ಮೊದಲು ನೋಡಿ, ಆಮೇಲೆ ಇಂಜಿನ್ ಹುಡುಕಿ.

ನನ್ನದು 2002ರ ಸಿಲ್ವರಾಡೊ, 5.3 ಲೀಟರ್. 2005ರ 5.3 ಇಂಜಿನ್ ಸಿಕ್ಕಿದೆ. ಕೂರುತ್ತಾ?

ಕೂರುತ್ತದೆ, ಓಡುತ್ತದೆ. ಇದು ಇರುವುದರಲ್ಲಿ ಅತಿ ಸುಲಭದ ಕೆಲಸ.

1999ರಲ್ಲಿ ಬಂದ ಸಿಲ್ವರಾಡೊದಿಂದ ಹಿಡಿದು 2006ರವರೆಗಿನ ಗಾಡಿಗಳಲ್ಲಿ ಇರುವುದು ಜಿಎಂ, ಅಂದರೆ ಜನರಲ್ ಮೋಟಾರ್ಸ್ ಕಂಪನಿಯ ಮೂರನೇ ಪೀಳಿಗೆಯ ವಿ8 (ಎಂಟು ಸಿಲಿಂಡರಿನ ಇಂಜಿನ್). ಇದರ ಸಾಮಾನ್ಯ 5.3ಗೆ ಎಲ್‌ಎಂ7 ಅಂತ ಹೆಸರು. ಬ್ಲಾಕ್, ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಸೆನ್ಸರ್, ಕ್ಯಾಮ್ (ವಾಲ್ವ್ ತೆರೆಯುವ ದಂಡ) ಸೆನ್ಸರ್, ಇಂಜಿನ್ ಬಡಿತ ಗುರುತಿಸುವ ನಾಕ್ ಸೆನ್ಸರ್ ಎಲ್ಲವೂ ಈ ಅವಧಿಯಲ್ಲಿ ಒಂದೇ ಬಗೆ. ವರ್ಷದಿಂದ ವರ್ಷಕ್ಕೆ ಬದಲಾದದ್ದು ಇಂಜಿನ್ ಮೇಲೆ ಕೂತಿರುವ ಸಾಮಾನುಗಳು. 2002ರವರೆಗೆ ಸಾಮಾನ್ಯವಾಗಿ ಥ್ರಾಟಲ್‌ಗೆ ಕೇಬಲ್ ಇತ್ತು. 2003ರಿಂದ ಪಿಕಪ್‌ಗಳಿಗೆ ಎಲೆಕ್ಟ್ರಾನಿಕ್ ಥ್ರಾಟಲ್ ಬಂತು. ಹಳೆಯವುಗಳಲ್ಲಿ ಮಿಕ್ಕ ಪೆಟ್ರೋಲ್ ಟ್ಯಾಂಕಿಗೆ ಮರಳುವ ಪೈಪ್ ಇತ್ತು, 2004ರ ಹೊತ್ತಿಗೆ ಅದು ಹೋಯಿತು.

ಹಾಗಾಗಿ 2005ರ ಇಂಜಿನ್‌ನಿಂದ ಬರಿ ಬ್ಲಾಕ್ ಮತ್ತು ಹೆಡ್‌ಗಳನ್ನು ತಗೊಳ್ಳಿ. ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ ಒಳಗೆ ಕಳಿಸುವ ಭಾಗ), ಥ್ರಾಟಲ್ ಬಾಡಿ, ಇಂಜೆಕ್ಟರ್‌ಗಳು, ಫ್ಯುಯೆಲ್ ರೇಲ್, ಆಲ್ಟರ್ನೇಟರ್, ಸ್ಟೀರಿಂಗ್ ಪಂಪ್ ಎಲ್ಲವೂ ನಿಮ್ಮ 2002ರ ಗಾಡಿಯದ್ದೇ ಇರಲಿ. ವೈರಿಂಗನ್ನೂ ಕಂಪ್ಯೂಟರನ್ನೂ ಮುಟ್ಟಲೇಬೇಡಿ. ಕಳ್ಳತನ ತಡೆಯುವ ವ್ಯವಸ್ಥೆ ಆ ಕಂಪ್ಯೂಟರ್ ಜೊತೆಗೇ ಸೇರಿಕೊಂಡಿದೆ. ಅದನ್ನು ಬದಲಿಸಿದರೆ ಸುಮ್ನೆ ಇನ್ನೊಂದು ತಲೆನೋವು.

2007 ಅಂದ ಕೂಡಲೇ ಎಲ್ಲರೂ ಯಾಕೆ ಹುಷಾರು ಅಂತಾರೆ?

ಯಾಕೆಂದರೆ 2007ರಲ್ಲಿ ಎರಡು ಬೇರೆ ಬೇರೆ ಸಿಲ್ವರಾಡೊಗಳು ಮಾರಾಟವಾದವು. ಒಂದು ಹಳೇ ಬಾಡಿಯದ್ದು, ‘ಕ್ಲಾಸಿಕ್’ ಅಂತ ಕರೆದರು. ಅದರಲ್ಲಿ ಮೂರನೇ ಪೀಳಿಗೆಯ ಇಂಜಿನ್. ಇನ್ನೊಂದು ಹೊಸ ಬಾಡಿಯದ್ದು, ಅದರಲ್ಲಿ ನಾಲ್ಕನೇ ಪೀಳಿಗೆಯ ಇಂಜಿನ್. ಎರಡಕ್ಕೂ ಗುಜರಿಯವರು ‘2007, 5.3’ ಅಂತಲೇ ಚೀಟಿ ಅಂಟಿಸಿರುತ್ತಾರೆ. ಬರಿ ಆ ಚೀಟಿ ನೋಡಿ ದುಡ್ಡು ಕೊಡಬೇಡಿ. ಆ ಇಂಜಿನ್ ಬಂದ ಗಾಡಿಯ ವಿನ್ ನಂಬರ್, ಅಂದರೆ ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆ, ಕೇಳಿ ಪಡೆಯಿರಿ.

ಈ 24 ಮತ್ತು 58ರ ಗಲಾಟೆ ಏನು?

ಇದೊಂದು ಅರ್ಥವಾದರೆ ಅರ್ಧ ಕೆಲಸ ಮುಗಿದ ಹಾಗೆ. ಕ್ರ್ಯಾಂಕ್‌ಶಾಫ್ಟ್‌ನ ಹಿಂಭಾಗದಲ್ಲಿ ಒಂದು ಹಲ್ಲಿನ ಚಕ್ರ ಇದೆ, ರಿಲಕ್ಟರ್ ಅಂತ ಹೆಸರು. ಕ್ರ್ಯಾಂಕ್ ತಿರುಗಿದಾಗ ಪಕ್ಕದ ಸೆನ್ಸರ್ ಆ ಹಲ್ಲುಗಳನ್ನು ಎಣಿಸಿ ಕಂಪ್ಯೂಟರಿಗೆ ಕಳಿಸುತ್ತದೆ. ಅದರ ಮೇಲೆಯೇ ಕಿಡಿ ಯಾವಾಗ, ಪೆಟ್ರೋಲ್ ಯಾವಾಗ ಅಂತ ಕಂಪ್ಯೂಟರ್ ತೀರ್ಮಾನಿಸುತ್ತದೆ. ಮೂರನೇ ಪೀಳಿಗೆಯಲ್ಲಿ ಒಂದು ಸುತ್ತಿಗೆ 24 ಸಂಕೇತ. 2007ರ ಹೊಸ ಬಾಡಿಯ ಪಿಕಪ್‌ಗಳಿಂದ 58. ಹಳೆಯ ಕಂಪ್ಯೂಟರಿಗೆ 58ರ ಲೆಕ್ಕ ತಿಳಿಯುವುದಿಲ್ಲ, ಹೊಸದಕ್ಕೆ 24ರದ್ದು ತಿಳಿಯುವುದಿಲ್ಲ. ಇಂಜಿನ್ ಸ್ಟಾರ್ಟರ್‌ನಿಂದ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಎಲ್ಲ ಬೋಲ್ಟ್ ಬಿಗಿ ಮಾಡಿ ಮುಗಿಸಿದ ಮೇಲೆ ಇದು ಗೊತ್ತಾದರೆ ಎಷ್ಟು ಬೇಜಾರು ಯೋಚಿಸಿ.

ಗುರುತಿಸುವುದು ಕಷ್ಟವಲ್ಲ. ಸ್ಟಾರ್ಟರ್ ಹಿಂದೆ, ಬ್ಲಾಕಿನ ಬಲ ಹಿಂಭಾಗದಲ್ಲಿ ಕ್ರ್ಯಾಂಕ್ ಸೆನ್ಸರ್ ಇರುತ್ತದೆ. ಕಪ್ಪು ಬಣ್ಣದ್ದಾದರೆ 24, ಬೂದು ಬಣ್ಣದ್ದಾದರೆ 58. ಸೆನ್ಸರನ್ನು ಯಾರಾದರೂ ಕಿತ್ತುಕೊಂಡು ಹೋಗಿದ್ದರೆ ಕ್ಯಾಮ್ ಸೆನ್ಸರ್ ಜಾಗ ನೋಡಿ. ಮೂರನೇ ಪೀಳಿಗೆಯಲ್ಲಿ ಅದು ಇಂಜಿನ್‌ನ ಹಿಂದೆ, ಇನ್‌ಟೇಕ್ ಮ್ಯಾನಿಫೋಲ್ಡ್‌ನ ಬೆನ್ನಿಗೆ ಇದೆ. ನಾಲ್ಕನೆಯದರಲ್ಲಿ ಮುಂದೆ, ಟೈಮಿಂಗ್ ಕವರ್ ಮೇಲೆ. ನಾಕ್ ಸೆನ್ಸರ್‌ಗಳೂ ಹೀಗೇ: ಹಳೆಯದರಲ್ಲಿ ಇನ್‌ಟೇಕ್ ಕೆಳಗಿನ ಕಣಿವೆಯಲ್ಲಿ ಎರಡು, ಹೊಸದರಲ್ಲಿ ಬ್ಲಾಕಿನ ಎರಡು ಬದಿಗೆ ಒಂದೊಂದು.

ನನಗೆ ಸಿಕ್ಕಿರುವುದು 2008ರ ಇಂಜಿನ್. ಗಾಡಿ 2004ರದ್ದು. ದಾರಿ ಇದೆಯಾ?

ಇದೆ. 58ರ ಸಂಕೇತವನ್ನು 24ಕ್ಕೆ ತಿರುಗಿಸಿ ಹಳೆಯ ಕಂಪ್ಯೂಟರಿಗೆ ಕೊಡುವ ಪೆಟ್ಟಿಗೆಗಳು ಸಿಗುತ್ತವೆ. ಲಿಂಗನ್‌ಫೆಲ್ಟರ್ ಕಂಪನಿಯದ್ದು ಹೆಸರುವಾಸಿ. ಕ್ಯಾಮ್ ಸೆನ್ಸರ್‌ನ ಸಂಕೇತವನ್ನೂ ಅದು ಬದಲಿಸಿ ಕೊಡುತ್ತದೆ. ಇನ್ನೊಂದು ದಾರಿ ಕ್ರ್ಯಾಂಕ್ ಹೊರತೆಗೆದು ಹಲ್ಲಿನ ಚಕ್ರವನ್ನೇ ಬದಲಿಸುವುದು. ಚಕ್ರ ಕ್ರ್ಯಾಂಕಿಗೆ ಬಿಗಿಯಾಗಿ ಕೂತಿರುತ್ತದೆ, ಒಂಚೂರು ತಿರುಚಿ ಕೂರಿಸಿದರೂ ಟೈಮಿಂಗ್ ಕೆಡುತ್ತದೆ. ಹೇಗೂ ಪೂರ್ತಿ ಬಿಚ್ಚಿ ರೀಬಿಲ್ಡ್ ಮಾಡುವವರಿಗೆ ಮಾತ್ರ ಇದು ಸರಿ.

ಪೆಟ್ಟಿಗೆ ಹಾಕಿದರೂ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಮುಂದಿನ ಕ್ಯಾಮ್ ಸೆನ್ಸರ್‌ವರೆಗೆ ವೈರ್ ಉದ್ದ ಮಾಡಬೇಕು. ನಾಕ್ ಸೆನ್ಸರ್‌ಗಳ ಜಾಗವೂ ಬೇರೆ, ಬಗೆಯೂ ಬೇರೆ. ನಿಮ್ಮ ಹಳೆಯ 5.3ರ ಇನ್‌ಟೇಕ್ 2008ರ 5.3ರ ಹೆಡ್ ಮೇಲೆ ಕೂರುತ್ತದೆ, ಯಾಕೆಂದರೆ ಎರಡರಲ್ಲೂ ಗಾಳಿಯ ದಾರಿಯ ಆಕಾರ ಒಂದೇ. 2007ರ ನಂತರದ 6.0 ಲೀಟರ್‌ಗೆ ಈ ಮಾತು ಹೇಳಲಾಗದು. ಅದರ ಹೆಡ್‌ನಲ್ಲಿ ಆಯತಾಕಾರದ ದಾರಿ ಇದೆ, ಹಳೆಯ ಇನ್‌ಟೇಕ್ ಹೊಂದುವುದಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಮೂರನೇ ಪೀಳಿಗೆಯ ಗಾಡಿಗೆ ಮೂರನೇ ಪೀಳಿಗೆಯದ್ದನ್ನೇ ಹುಡುಕಿ. ಈ ಇಂಜಿನ್‌ಗಳು ಲಕ್ಷಗಟ್ಟಲೆ ತಯಾರಾಗಿವೆ, ಸ್ವಲ್ಪ ತಾಳ್ಮೆ ಇದ್ದರೆ ಸಿಕ್ಕೇ ಸಿಗುತ್ತದೆ. ಪೆಟ್ಟಿಗೆಗೆ, ವೈರಿಂಗ್‌ಗೆ ಹಾಕುವ ದುಡ್ಡನ್ನು ಒಳ್ಳೆಯ ಇಂಜಿನ್‌ಗೆ ಹಾಕಬಹುದು ಅಲ್ವಾ?

2008ರ ಆ ಇಂಜಿನ್ನಿನಲ್ಲಿ ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಇದೆಯಂತೆ. ಹಳೆಯ ಕಂಪ್ಯೂಟರಿಗೆ ಅದು ಗೊತ್ತಿಲ್ಲವಲ್ಲ?

2007ರ ಹೊಸ ಬಾಡಿಯ 5.3ರಲ್ಲಿ ಬಂದ ಆ ವ್ಯವಸ್ಥೆಗೆ ಎಎಫ್‌ಎಂ ಅನ್ನುತ್ತಾರೆ. ಹಗುರವಾಗಿ ಓಡಿಸುವಾಗ 1, 4, 6, 7ನೇ ಸಿಲಿಂಡರ್‌ಗಳು ಸುಮ್ಮನಾಗುತ್ತವೆ. ಕಂಪ್ಯೂಟರ್ ಆಜ್ಞೆ ಕೊಡದಿದ್ದರೆ ಎಂಟೂ ಸಿಲಿಂಡರ್ ಕೆಲಸ ಮಾಡುತ್ತಲೇ ಇರುತ್ತವೆ, ಹಾಗಾಗಿ ಹಳೆಯ ಕಂಪ್ಯೂಟರ್ ಜೊತೆ ಅದು ಓಡುವುದಕ್ಕೆ ಅಡ್ಡಿಯಿಲ್ಲ. ತೊಂದರೆ ಇರುವುದು ವಾಲ್ವ್ ಎತ್ತುವ ಅದರ ವಿಶೇಷ ಲಿಫ್ಟರ್‌ಗಳಲ್ಲಿ. ಈ ಇಂಜಿನ್‌ಗಳು ಕೆಡುವುದೇ ಹೆಚ್ಚಾಗಿ ಅಲ್ಲಿ: ಲಿಫ್ಟರ್ ಸಿಕ್ಕಿಕೊಳ್ಳುತ್ತದೆ, ಟಕಟಕ ಶಬ್ದ ಬರುತ್ತದೆ, ಆಮೇಲೆ ಕ್ಯಾಮ್‌ಶಾಫ್ಟನ್ನೂ ತಿಂದುಹಾಕುತ್ತದೆ. ಇಂಜಿನ್ ಹೊರಗಿರುವಾಗಲೇ ಕ್ಯಾಮ್ ಮತ್ತು ಲಿಫ್ಟರ್‌ಗಳನ್ನು ಸಾದಾ ಬಗೆಯವಕ್ಕೆ ಬದಲಿಸಿ, ಕಣಿವೆಯ ಮೇಲಿನ ಕವರನ್ನೂ ಸಾದಾದ್ದು ಹಾಕಿದರೆ ನಿಶ್ಚಿಂತೆ.

2010ರ ನಂತರದ್ದು? 2014ರದ್ದು?

2010ರಿಂದ ಪಿಕಪ್‌ನ 5.3ಕ್ಕೆ ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆಯೂ ಬಂತು. ಹಳೆಯ ಕಂಪ್ಯೂಟರ್ ಅದನ್ನು ನಡೆಸಲಾರದು. ಕ್ಯಾಮ್ ಗೇರ್, ಮುಂದಿನ ಕವರ್ ಎಲ್ಲ ಬದಲಿಸಬೇಕು. 2014ರಿಂದ ಬಂದದ್ದು ಐದನೇ ಪೀಳಿಗೆ. ಅದರಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಹೋಗುತ್ತದೆ, ಕ್ಯಾಮ್‌ನಿಂದ ನಡೆಯುವ ಭಾರಿ ಒತ್ತಡದ ಪಂಪ್ ಬೇರೆ. ಹಳೆಯ ಗಾಡಿಗೆ ಆ ಯೋಚನೆ ಬಿಡಿ.

ಗುಜರಿಯವರು 5.3 ಅಂದರು. ಅದು 4.8 ಅಲ್ಲ ಅಂತ ಹೇಗೆ ತಿಳಿಯುವುದು?

ಒಳ್ಳೆಯ ಪ್ರಶ್ನೆ. ಹೊರಗಿನಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸ ಇಲ್ಲ. ಎರಡರ ಬೋರ್ ಒಂದೇ, 96 ಮಿಲಿಮೀಟರ್. ಕ್ರ್ಯಾಂಕ್ ಬೇರೆ: 4.8ರಲ್ಲಿ ಪಿಸ್ಟನ್ 83 ಮಿಮೀ ಓಡುತ್ತದೆ, 5.3ರಲ್ಲಿ 92. ಬ್ಲಾಕ್ ಮೇಲೆ ‘4.8/5.3’ ಅಂತ ಎರಡೂ ಒಟ್ಟಿಗೆ ಅಚ್ಚಾಗಿರುತ್ತವೆ, ಅದರಿಂದ ಏನೂ ತಿಳಿಯುವುದಿಲ್ಲ.

ಇಂಜಿನ್ ಬಂದ ಗಾಡಿಯ ವಿನ್ ನಂಬರಿನ ಎಂಟನೇ ಅಕ್ಷರ ನೋಡಿ. ‘ಟಿ’ ಇದ್ದರೆ ಎಲ್‌ಎಂ7, ಅಂದರೆ ಸಾದಾ 5.3. ‘ವಿ’ ಇದ್ದರೆ 4.8. ‘ಝಡ್’ ಇದ್ದರೆ ಎಥೆನಾಲ್ ಬೆರೆತ ಇಂಧನಕ್ಕೂ ಒಗ್ಗುವ 5.3. ‘ಬಿ’ ಅಂದರೆ ಅಲ್ಯೂಮಿನಿಯಂ ಬ್ಲಾಕಿನ ಎಲ್33. ‘ಯು’ ಮತ್ತು ‘ಎನ್’ 6.0 ಲೀಟರ್‌ನವು. ‘ಜೆ’ ಅಥವಾ ‘0’ ಕಂಡರೆ ಅದು ನಾಲ್ಕನೇ ಪೀಳಿಗೆ. ಹತ್ತನೇ ಅಕ್ಷರ ವರ್ಷ ಹೇಳುತ್ತದೆ: 5 ಅಂದರೆ 2005, ‘ಎ’ ಅಂದರೆ 2010.

ಇಂಜಿನ್ ಈಗಾಗಲೇ ನೆಲದ ಮೇಲಿದ್ದು ಗಾಡಿ ಯಾವುದೋ ಗೊತ್ತಿಲ್ಲದಿದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಿಂದ ಉದ್ದನೆಯ ಪ್ಲಾಸ್ಟಿಕ್ ಕಡ್ಡಿ ಇಳಿಸಿ, ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ. ಕಡ್ಡಿ ಎಷ್ಟು ಏರಿಳಿಯಿತು ಅಳೆಯಿರಿ. ಕಡ್ಡಿ ಓರೆಯಾಗಿ ಹೋಗುವುದರಿಂದ ಅಳತೆ ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ 9 ಮಿಮೀ ವ್ಯತ್ಯಾಸ ಹುಷಾರಾಗಿ ನೋಡಿದರೆ ತಿಳಿಯುತ್ತದೆ.

ಕೊಳ್ಳುವ ಮೊದಲು ಇಂಜಿನ್‌ನಲ್ಲಿ ಏನೇನು ನೋಡಬೇಕು?

ಗಾಡಿಯಲ್ಲೇ ಇದ್ದು ಸ್ಟಾರ್ಟ್ ಆಗುವಂತಿದ್ದರೆ ಅದಕ್ಕಿಂತ ಭಾಗ್ಯ ಇಲ್ಲ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ಕೇಳಿ. ನೀವು ಹೋಗುವಷ್ಟರಲ್ಲಿ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ.

ನೆಲದ ಮೇಲಿದ್ದರೆ ಮೊದಲು ಆಯಿಲ್ ನೋಡಿ. ಹಾಲು ಬೆರೆತ ಕಾಫಿ ಬಣ್ಣ ಕಂಡರೆ ನೀರು ಸೇರಿದೆ ಅಂತ ಅರ್ಥ, ಅಲ್ಲಿಂದ ಹೊರಡಿ. ಆಯಿಲ್ ಫಿಲ್ಟರ್ ಕತ್ತರಿಸಿ ಒಳಗಿನ ಕಾಗದ ಬಿಡಿಸಿ ನೋಡಿ, ಲೋಹದ ಚೂರು ಮಿನುಗಿದರೆ ಬೇಡ. ಕಂಪ್ರೆಷನ್ ಪರೀಕ್ಷೆ ಮಾಡಿಸಿ: ಯಾವ ಸಿಲಿಂಡರೂ 100 ಪಿಎಸ್‌ಐಗಿಂತ ಕೆಳಗಿರಬಾರದು, ಅತಿ ಕಡಿಮೆಯದ್ದು ಅತಿ ಹೆಚ್ಚಿನದರ 70 ಶೇಕಡಕ್ಕಿಂತ ಕಡಿಮೆ ಆಗಬಾರದು. ಇದು ಕನಿಷ್ಠ ಮಿತಿ. ಎಂಟೂ ಹತ್ತಿರ ಹತ್ತಿರ ಇದ್ದರೆ ಮನಸ್ಸಿಗೆ ಸಮಾಧಾನ.

2001ರಿಂದ 2006ರ ನಡುವಿನ 4.8 ಮತ್ತು 5.3ಗಳಲ್ಲಿ ಇನ್ನೊಂದು ವಿಷಯ ಇದೆ. ಕೆಲವು ಹೆಡ್‌ಗಳ ಮೇಲೆ ಕ್ಯಾಸ್‌ಟೆಕ್ ಅನ್ನುವ ಎರಕದ ಗುರುತು ಇರುತ್ತದೆ. ಇವುಗಳಲ್ಲಿ ಕೆಲವು ಸೀಳು ಬಿಟ್ಟು, ಹೊರಗೆ ಒಂದು ತೊಟ್ಟೂ ಕಾಣಿಸದೆ ಕೂಲೆಂಟ್ ನಿಧಾನಕ್ಕೆ ಆಯಿಲ್‌ಗೆ ಸೇರುತ್ತದೆ. ಆ ಗುರುತಿರುವ ಎಲ್ಲವೂ ಕೆಟ್ಟಿರುವುದಿಲ್ಲ. ಆದರೂ ರಾಕರ್ ಕವರ್ ಬಿಚ್ಚಿ ನೋಡಿ. ಸುತ್ತ ಎಲ್ಲ ಕಂದು ಬಣ್ಣವಾಗಿದ್ದು ಹೆಡ್ ಬೋಲ್ಟ್‌ಗಳ ಬಳಿ ಒಂದು ಕಡೆ ಮಾತ್ರ ತೊಳೆದ ಹಾಗೆ ಬೆಳ್ಳಗಿದ್ದರೆ ಆ ಹೆಡ್ ಬಿಡಿ.

ವಾರಂಟಿ ಬಗ್ಗೆಯೂ ಕೇಳಿ, ಬರವಣಿಗೆಯಲ್ಲಿ ಪಡೆಯಿರಿ. ಹೆಚ್ಚಿನ ಕಡೆ ಇಂಜಿನ್ ಬದಲಿಸಿ ಕೊಡುತ್ತಾರೆ, ನಿಮ್ಮ ದುಡಿಮೆಯ ಕೂಲಿ ಕೊಡುವುದಿಲ್ಲ.

4.8 ತೆಗೆದು 5.3 ಹಾಕಬಹುದಾ? 5.3 ತೆಗೆದು 6.0?

ಒಂದೇ ಪೀಳಿಗೆಯೊಳಗೆ ಆದರೆ ಕೂರುವುದಕ್ಕೆ ತೊಂದರೆಯಿಲ್ಲ. ಆದರೆ ಕಂಪ್ಯೂಟರ್ ಒಳಗಿನ ಲೆಕ್ಕ ಹಳೆಯ ಇಂಜಿನ್‌ನದ್ದು. ಅದನ್ನು ಹೊಸದಕ್ಕೆ ತಕ್ಕಂತೆ ತಿದ್ದಬೇಕು. ಎಚ್‌ಪಿ ಟ್ಯೂನರ್ಸ್, ಇಎಫ್‌ಐ ಲೈವ್ ಅಂತ ಸಾಫ್ಟ್‌ವೇರ್ ಇವೆ, ಬಳಸಿ ಗೊತ್ತಿರುವವರ ಕೈಗೆ ಕೊಡಿ. ಎಲ್33ಕ್ಕೂ ಇದೇ ಮಾತು. ಅದರ ಕಂಪ್ರೆಷನ್ ಸಾದಾ 5.3ಗಿಂತ ಜಾಸ್ತಿ. ಟ್ಯೂನ್ ಮಾಡದೆ ಓಡಿಸಿದರೆ ಭಾರ ಎಳೆಯುವಾಗ ಇಂಜಿನ್ ಬಡಿದುಕೊಳ್ಳಬಹುದು.

ಗೇರ್‌ಬಾಕ್ಸ್ ಹಳೆಯದೇ ಇರಬಹುದಾ?

ಇರಬಹುದು, ಇರಲಿ. ನಿಮ್ಮ ಹಳೆಯ ಫ್ಲೆಕ್ಸ್‌ಪ್ಲೇಟನ್ನೇ ಹೊಸ ಇಂಜಿನ್‌ಗೆ ಹಾಕಿ, ಕ್ರ್ಯಾಂಕಿನ ಹಿಂದೆ ಕೂರುವ ಆ ತಟ್ಟೆ ನಿಮ್ಮ ಟಾರ್ಕ್ ಕನ್ವರ್ಟರಿಗೆ (ಇಂಜಿನ್ ಶಕ್ತಿಯನ್ನು ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಹೊಂದುವಂಥದ್ದು. ಒಂದು ಅಪವಾದ: 1999 ಮತ್ತು 2000ದ 6.0 ಲೀಟರ್ ಇಂಜಿನ್‌ನ ಕ್ರ್ಯಾಂಕ್ ಹಿಂಬದಿ ಸುಮಾರು 10 ಮಿಮೀ ಉದ್ದ. ಅದನ್ನು ತಗೊಂಡರೆ ಫ್ಲೆಕ್ಸ್‌ಪ್ಲೇಟ್ ಲೆಕ್ಕ ತಪ್ಪುತ್ತದೆ.

ಇಲ್ಲಿ ತುಂಬ ಜನ ಎಡವುವ ಜಾಗ ಇದೆ. ಇಂಜಿನ್ ಸೇರಿಸುವ ಮೊದಲು ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಒಳಗೆ ಪೂರ್ತಿ ಕೂತಿರಬೇಕು. ತಿರುಗಿಸುತ್ತಾ ಒತ್ತಿದರೆ ಒಂದೊಂದಾಗಿ ಒಳಗೆ ಇಳಿಯುವುದು ಕೈಗೆ ಗೊತ್ತಾಗುತ್ತದೆ. ಇಂಜಿನ್ ಮತ್ತು ಗೇರ್‌ಬಾಕ್ಸ್ ಮುಖಕ್ಕೆ ಮುಖ ಸೇರಿದ ಮೇಲೂ ಕನ್ವರ್ಟರ್ ಕೈಯಲ್ಲಿ ಸಲೀಸಾಗಿ ತಿರುಗಬೇಕು, ಫ್ಲೆಕ್ಸ್‌ಪ್ಲೇಟಿಗೂ ಅದಕ್ಕೂ ನಡುವೆ ಸ್ವಲ್ಪ ಸಂದು ಉಳಿದಿರಬೇಕು. ಸಂದು ಇಲ್ಲ ಅಂತ ಬೋಲ್ಟ್ ಬಿಗಿ ಮಾಡಿ ಎಳೆದರೆ ಗೇರ್‌ಬಾಕ್ಸಿನ ಪಂಪ್ ಒಡೆಯುತ್ತದೆ. ಆಗ ಚೆನ್ನಾಗಿದ್ದ ಗೇರ್‌ಬಾಕ್ಸೂ ಹೋಯಿತು. ಎರಡು ಮುಖಗಳು ಕೈ ಒತ್ತಡದಲ್ಲೇ ಸೇರಬೇಕು. ಸೇರದಿದ್ದರೆ ಹಿಂದಕ್ಕೆ ಎಳೆದು ಮತ್ತೆ ನೋಡಿ, ಎಷ್ಟೇ ರಾತ್ರಿ ಆಗಿರಲಿ.

ಇಂಜಿನ್ ಹೊರಗಿರುವಾಗಲೇ ಏನೇನು ಬದಲಿಸಲಿ?

ಹಿಂದಿನ ಮುಖ್ಯ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಇನ್‌ಟೇಕ್ ಗ್ಯಾಸ್ಕೆಟ್. ಆಯಿಲ್ ಎಳೆಯುವ ಪೈಪಿನ ಒಂದು ಚಿಕ್ಕ ರಬ್ಬರ್ ಉಂಗುರ ಇದೆ, ಅದು ಗಟ್ಟಿಯಾದರೆ ಆಯಿಲ್ ಒತ್ತಡ ಬೀಳುತ್ತದೆ. ಬೆಲೆ ತೀರ ಕಡಿಮೆ, ಗಾಡಿಯೊಳಗೆ ಇರುವಾಗ ಅದನ್ನು ತಲುಪುವುದು ದೊಡ್ಡ ಕೆಲಸ. ಮೂರನೇ ಪೀಳಿಗೆಯಾದರೆ ನಾಕ್ ಸೆನ್ಸರ್‌ಗಳನ್ನೂ ಅವುಗಳ ವೈರನ್ನೂ ಹೊಸದು ಹಾಕಿ. ಕಣಿವೆಯಲ್ಲಿ ನೀರು ಇಳಿದು ಅವು ತುಕ್ಕು ಹಿಡಿಯುತ್ತವೆ. ಪಿ0327, ಪಿ0332 ಅನ್ನುವ ಕೋಡ್ ಬರುವುದು ಅದರಿಂದಲೇ.

ಇನ್‌ಟೇಕ್ ಬೋಲ್ಟ್‌ಗಳನ್ನು ಎರಡು ಸಲಕ್ಕೆ ಬಿಗಿ ಮಾಡಿ: ಮೊದಲು 44, ಆಮೇಲೆ 89. ಇದು ಇಂಚು ಪೌಂಡ್, ಅಡಿ ಪೌಂಡ್ ಅಲ್ಲ. ಮ್ಯಾನಿಫೋಲ್ಡ್ ಪ್ಲಾಸ್ಟಿಕ್ಕಿನದ್ದು ಅನ್ನುವುದು ನೆನಪಿರಲಿ. ಎಸಿ ಪೈಪ್ ಬಿಚ್ಚಬೇಡಿ. ಅದರ ಗ್ಯಾಸನ್ನು ಗಾಳಿಗೆ ಬಿಡುವುದು ಅಮೆರಿಕದಲ್ಲಿ ಅಪರಾಧ. ಕಂಪ್ರೆಸರನ್ನು ಪೈಪ್ ಸಮೇತ ಪಕ್ಕಕ್ಕೆ ಸರಿಸಿ ಕಟ್ಟಿಡಿ.

ಕಾನೂನು ಏನು ಹೇಳುತ್ತದೆ?

ಅಮೆರಿಕದ ಪರಿಸರ ಸಂಸ್ಥೆ ಇಪಿಎಯ ನಿಲುವು ಹೀಗಿದೆ: ಇಂಜಿನ್ ಬದಲಿಸಿದ ಮೇಲೆ ನಿಮ್ಮ ಗಾಡಿಯ ವರ್ಷದ ಅಥವಾ ಅದಕ್ಕಿಂತ ಹೊಸ ವರ್ಷದ, ಹೊಗೆಯ ಪ್ರಮಾಣಪತ್ರ ಪಡೆದ ಜೋಡಣೆಗೆ ಅದು ಸಮನಾಗಿರಬೇಕು. ಹೊಸ ಗಾಡಿಗೆ ಹಳೆ ಇಂಜಿನ್ ಹಾಕುವುದು ಹಾಗಾಗಿ ಆಗದ ಮಾತು. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಬಿಸಾಡುವುದು ಯಾವ ರಾಜ್ಯದಲ್ಲೂ ಸರಿಯಲ್ಲ. ಹೊಗೆ ಪರೀಕ್ಷೆ ಇಲ್ಲದ ಊರಿನಲ್ಲಿದ್ದರೂ ಕೇಂದ್ರದ ಕಾನೂನು ಇದ್ದೇ ಇದೆ.

ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಬಿಗಿ. ಅಲ್ಲಿ ಮೊದಲಿದ್ದಂಥದ್ದೇ ಇಂಜಿನ್ ಅಲ್ಲದಿದ್ದರೆ ರಾಜ್ಯದ ಹೊಗೆ ತಪಾಸಣೆಯ ‘ರೆಫರಿ’ ಕೇಂದ್ರದಲ್ಲಿ ತೋರಿಸಬೇಕು. ಇಂಜಿನ್ ಅದೇ ವರ್ಷದ್ದೋ ಹೊಸದೋ ಆಗಿರಬೇಕು, ಅದೇ ವರ್ಗದ ಗಾಡಿಯದ್ದಾಗಿರಬೇಕು, ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೆ ಬರಬೇಕು. ಭಾರಿ ಮಾದರಿಯಾದ 2500 ಎಚ್‌ಡಿಯ ‘ಯು’ ಇಂಜಿನ್ ಭಾರಿ ವರ್ಗದ್ದು. ಅದನ್ನು ಹಗುರ ಮಾದರಿಯಾದ 1500ಗೆ ಹಾಕಿಕೊಂಡು ಹೋದರೆ ಅಲ್ಲಿ ಪಾಸಾಗುವುದು ಕಷ್ಟ. ಕೊಳ್ಳುವ ಮೊದಲೇ ರೆಫರಿಗೆ ಫೋನ್ ಮಾಡಿ ಕೇಳಿ.

ಕೂರಿಸಿ ಆಯಿತು. ಮೊದಲ ಸ್ಟಾರ್ಟ್ ಹೇಗೆ?

ಪೆಟ್ರೋಲ್ ಪಂಪಿನ ರಿಲೇ ಕಿತ್ತು, ಕಾಯಿಲ್‌ಗಳ ಪ್ಲಗ್ ತೆಗೆದು, ಆಯಿಲ್ ಒತ್ತಡದ ಮುಳ್ಳು ಏರುವವರೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸಿ. ನಡುವೆ ಸ್ಟಾರ್ಟರಿಗೆ ವಿಶ್ರಾಂತಿ ಕೊಡಿ. ಮುಳ್ಳು ಏರಿದ ಮೇಲೆ ಎಲ್ಲ ಜೋಡಿಸಿ ಸ್ಟಾರ್ಟ್ ಮಾಡಿ. ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ತ್ ವೈರ್‌ಗಳನ್ನು ಹಾಕಿದ್ದೀರಾ ಅಂತ ಅದಕ್ಕೂ ಮೊದಲೇ ನೋಡಿಕೊಳ್ಳಿ. ವಿಚಿತ್ರ ಎಲೆಕ್ಟ್ರಿಕಲ್ ತೊಂದರೆಗಳಲ್ಲಿ ಅರ್ಧಕ್ಕರ್ಧ ಅಲ್ಲಿಂದಲೇ ಬರುತ್ತವೆ.

ಪಿ1336 ಕೋಡ್ ಬಂದರೆ ಹೆದರಬೇಡಿ. ಹೊಸ ಕ್ರ್ಯಾಂಕಿನ ಸಣ್ಣಪುಟ್ಟ ವ್ಯತ್ಯಾಸವನ್ನು ಕಂಪ್ಯೂಟರ್ ಇನ್ನೂ ಕಲಿತಿಲ್ಲ ಅಂತ ಅದರ ಅರ್ಥ. ಆ ಸೌಲಭ್ಯವಿರುವ ಸ್ಕ್ಯಾನ್ ಟೂಲ್‌ನಿಂದ ಕ್ರ್ಯಾಂಕ್ ಕಲಿಕೆ ಮಾಡಿಸಿ. ಅದಾಗದೆ ಮಿಸ್‌ಫೈರ್ ಪತ್ತೆ ಮಾಡುವುದು ಕಂಪ್ಯೂಟರಿಗೆ ಸಾಧ್ಯವಿಲ್ಲ.

ಊರಲ್ಲಿ ಅಣ್ಣನ ಹತ್ತಿರ ಬೊಲೆರೊ ಪಿಕಪ್ ಇದೆ. ಅಲ್ಲೂ ಹೀಗೇ ಮಾಡಬಹುದಾ?

ಯೋಚನೆಯ ದಾರಿ ಅದೇ, ಕಾನೂನು ಬೇರೆ. ಹಳೆಯ ಡೀಸೆಲ್‌ಗಳಲ್ಲಿ ಮೆಕ್ಯಾನಿಕಲ್ ಪಂಪ್, ಆಮೇಲಿನವುಗಳಲ್ಲಿ ಕಂಪ್ಯೂಟರ್ ನಡೆಸುವ ಕಾಮನ್ ರೇಲ್. ಪಂಪ್ ಗಾಡಿಗೆ ಕಾಮನ್ ರೇಲ್ ಇಂಜಿನ್ ಹಾಕಬೇಕಾದರೆ ವೈರಿಂಗ್, ಕಂಪ್ಯೂಟರ್, ಸೆನ್ಸರ್ ಪೂರ್ತಿ ಬರಬೇಕು. ಶಿವಾಜಿನಗರದ ಗುಜರಿಯಲ್ಲಿ ಇಂಜಿನ್ ಸಿಗಬಹುದು, ಅದರ ಪೂರ್ತಿ ವೈರಿಂಗ್ ಸಿಗುವುದು ಕಷ್ಟ.

ಕಾಗದದ ವಿಷಯ ಇನ್ನೂ ಮುಖ್ಯ. ಭಾರತದಲ್ಲಿ ಆರ್‌ಸಿಯಲ್ಲೇ ಇಂಜಿನ್ ನಂಬರ್ ಇರುತ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಇಂಥ ಬದಲಾವಣೆಗಳ ಬಗ್ಗೆಯೇ ಇದೆ. ಮೊದಲು ಆರ್‌ಟಿಒ ಅನುಮತಿ, ಆಮೇಲೆ ಕೆಲಸ, ಕೊನೆಗೆ ಆರ್‌ಸಿಯಲ್ಲಿ ಹೊಸ ನಂಬರ್. ಇಂಜಿನ್ ಮಾರಿದವರ ಬಿಲ್ ಇಲ್ಲದಿದ್ದರೆ ಅದು ಕದ್ದ ಗಾಡಿಯದ್ದೋ ಏನೋ ಅನ್ನುವ ಪ್ರಶ್ನೆ ಬರುತ್ತದೆ. ನಂಬರ್ ತಾಳೆಯಾಗದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯಲ್ಲೂ ತಕರಾರು. ಬಿಎಸ್-4 ದೇಶಪೂರ್ತಿ ಬಂದದ್ದು 2017ರ ಏಪ್ರಿಲ್ 1ಕ್ಕೆ, ಬಿಎಸ್-6 2020ರ ಏಪ್ರಿಲ್ 1ಕ್ಕೆ. ಬಿಎಸ್-6 ಗಾಡಿಗೆ ಬಿಎಸ್-3 ಇಂಜಿನ್ ಹಾಕುವ ಮಾತನ್ನು ಯಾರಾದರೂ ಹೇಳಿದರೆ ಅಣ್ಣನಿಗೆ ಬೇಡ ಅನ್ನಿ.

ತೆಗೆದ ಹಳೇ ಇಂಜಿನ್ ಏನು ಮಾಡಲಿ?

ಕೊಳ್ಳುವಾಗ ‘ಕೋರ್’ ಅಂತ ಮುಂಗಡ ಹಿಡಿದಿದ್ದರೆ ಹಳೆಯದನ್ನು ಅವರಿಗೇ ಒಪ್ಪಿಸಿ ಆ ದುಡ್ಡು ವಾಪಸ್ ಪಡೆಯಿರಿ. ಅದಕ್ಕೆ ಗಡುವು ಇರುತ್ತದೆ, ರಸೀದಿಯಲ್ಲಿ ನೋಡಿಕೊಳ್ಳಿ. ಆದರೆ ಹೊಸದು ಒಂದಷ್ಟು ದಿನ ಸರಿಯಾಗಿ ಓಡುವವರೆಗೆ ಹಳೆಯದನ್ನು ಕಳಿಸಬೇಡಿ. ಯಾವುದೋ ಒಂದು ಬ್ರ್ಯಾಕೆಟ್, ಒಂದು ಬೋಲ್ಟ್ ಅದರಲ್ಲೇ ಉಳಿದಿರುತ್ತದೆ. ಆಯಿಲ್ ಮತ್ತು ಕೂಲೆಂಟನ್ನು ಬೇರೆ ಬೇರೆ ಡಬ್ಬಿಗೆ ತುಂಬಿ. ಬಳಸಿದ ಆಯಿಲನ್ನು ಬಿಡಿಭಾಗಗಳ ದೊಡ್ಡ ಅಂಗಡಿಗಳು ಸಾಮಾನ್ಯವಾಗಿ ಪುಕ್ಕಟೆ ತಗೊಳ್ಳುತ್ತವೆ. ಕೂಲೆಂಟ್ ಬೆರೆತ ಆಯಿಲನ್ನು ಮಾತ್ರ ಅವರು ಮುಟ್ಟುವುದಿಲ್ಲ, ಅದನ್ನು ನಿಮ್ಮ ಕೌಂಟಿಯ ಅಪಾಯಕಾರಿ ಕಸದ ಕೇಂದ್ರಕ್ಕೆ ಕೊಂಡೊಯ್ಯಬೇಕು.